ರೈಲು ಪ್ರಶ್ನೋತ್ತರ: ತಾಳಗುಪ್ಪ ಮಾರ್ಗದ ಸಣ್ಣ ನಿಲ್ದಾಣಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬೀರೂರಿನಿಂದ ಕವಲೊಡೆದು ಭದ್ರಾವತಿ, ಶಿವಮೊಗ್ಗ, ಸಾಗರ ದಾಟಿ ತಾಳಗುಪ್ಪದಲ್ಲಿ ಕೊನೆಗೊಳ್ಳುವ ಮಾರ್ಗಕ್ಕೆ ಸಂಬಂಧಿಸಿದವು. ಇದು ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ ಏಕಪಥ. ಇಲ್ಲಿನ ಉತ್ತರಗಳು ರಾಜ್ಯದ ಬೇರೆ ಸಣ್ಣ ನಿಲ್ದಾಣಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ. ರೈಲಿನ ವೇಳೆ ಆಗಾಗ ಬದಲಾಗುವುದರಿಂದ ಇಲ್ಲಿ ಕೊಟ್ಟಿಲ್ಲ. ಹೊರಡುವ ದಿನ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ಅಥವಾ 139ಕ್ಕೆ ಕರೆ ಮಾಡಿ ನೋಡಿಕೊಳ್ಳಿ.

ಪ್ರಶ್ನೆ: ಟಿಕೆಟ್ ಬುಕ್ ಮಾಡಲು ‘ಸಾಗರ್’ ಎಂದು ಹುಡುಕಿದರೆ ಮಧ್ಯಪ್ರದೇಶದ ಊರು ತೋರಿಸುತ್ತದೆ. ನಮ್ಮ ಸಾಗರವನ್ನು ಹುಡುಕುವುದು ಹೇಗೆ? (ಸಾಗರದ ಓದುಗರು)

ಊರಿನ ಹೆಸರಿನ ಬದಲು ನಿಲ್ದಾಣದ ಕೋಡ್ ಹಾಕಿ. ನಿಮ್ಮ ನಿಲ್ದಾಣದ ಪೂರ್ಣ ಹೆಸರು ಸಾಗರ ಜಂಬಗಾರು, ಕೋಡ್ ಎಸ್‌ಆರ್‌ಎಫ್. ಈ ಮಾರ್ಗದ ಇನ್ನು ಕೆಲವು: ತಾಳಗುಪ್ಪ ಟಿಎಲ್‌ಜಿಪಿ, ಶಿವಮೊಗ್ಗ ಟೌನ್ ಎಸ್‌ಎಂಇಟಿ, ಬೀರೂರು ಆರ್‌ಆರ್‌ಬಿ, ಅರಸೀಕೆರೆ ಎಎಸ್‌ಕೆ. ಬೆಂಗಳೂರಿಗೆ ಎಸ್‌ಬಿಸಿ ಎಂದರೆ ಮೆಜೆಸ್ಟಿಕ್ ಎದುರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣ, ವೈಪಿಆರ್ ಎಂದರೆ ಯಶವಂತಪುರ.

ಮೈಸೂರಿಗೆ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. 16227/16228 ಮೈಸೂರು–ತಾಳಗುಪ್ಪ ರೈಲು ಬೆಂಗಳೂರು ಸುತ್ತಿ ಹೋಗುತ್ತದೆ. 16205/16206 ಇಂಟರ್‌ಸಿಟಿ ಅರಸೀಕೆರೆಯಿಂದ ಹಾಸನ, ಹೊಳೆನರಸೀಪುರದ ಮೇಲೆ ಹೋಗುತ್ತದೆ. ಎರಡರ ದೂರವೂ ದರವೂ ಬೇರೆ. ಜನರಲ್ ಟಿಕೆಟ್ ಮೇಲೆ ‘ವಯಾ’ ಎಂದು ದಾರಿ ಮುದ್ರಿಸಿರುತ್ತಾರೆ. ಹಾಸನದ ದಾರಿಯ ಟಿಕೆಟ್ ಹಿಡಿದು ಬೆಂಗಳೂರಿನ ದಾರಿಯಲ್ಲಿ ಹೋದರೆ ಟಿಟಿಇ ವ್ಯತ್ಯಾಸದ ಹಣ ಕೇಳುತ್ತಾರೆ, ಅದು ನ್ಯಾಯವೇ. ಕೌಂಟರಿನಲ್ಲಿ ಬರೀ ಮೈಸೂರು ಎನ್ನದೆ ಯಾವ ರೈಲು ಎಂದೂ ಹೇಳಿ.

ಪ್ರಶ್ನೆ: ಜೋಗ ನೋಡಲು ತಾಳಗುಪ್ಪದಲ್ಲಿ ಇಳಿಯಬೇಕೋ, ಸಾಗರದಲ್ಲೋ?

ಜೋಗಕ್ಕೆ ಹತ್ತಿರ ತಾಳಗುಪ್ಪ, ಸುಮಾರು 15 ಕಿ.ಮೀ. ಸಾಗರದಿಂದ ಹೆಚ್ಚುಕಡಿಮೆ ಅದರ ಎರಡರಷ್ಟು. ಆದರೂ ಬಸ್ಸು, ಊಟ, ವಸತಿ ಎಲ್ಲ ಸಲೀಸಾಗಿ ಸಿಗುವುದು ಸಾಗರದಲ್ಲಿ. ಮೊದಲೇ ಗಾಡಿ ಗೊತ್ತುಮಾಡಿಕೊಂಡಿದ್ದರೆ ತಾಳಗುಪ್ಪ, ಇಲ್ಲದಿದ್ದರೆ ಸಾಗರ.

ಪ್ರಶ್ನೆ: ನಿಲ್ದಾಣ ಕಣ್ಣಿಗೆ ಕಾಣುತ್ತಿರುತ್ತದೆ, ಆದರೂ ರೈಲನ್ನು ಹೊರಗೇ ಹತ್ತು-ಹದಿನೈದು ನಿಮಿಷ ನಿಲ್ಲಿಸುತ್ತಾರೆ. ಪ್ಲಾಟ್‌ಫಾರಂ ಖಾಲಿ ಇದ್ದರೂ ಏಕೆ ಹೀಗೆ?

ಇದು ಕ್ರಾಸಿಂಗ್. ಏಕಪಥದಲ್ಲಿ ಎರಡು ನಿಲ್ದಾಣಗಳ ನಡುವಿನ ಹಳಿಯ ತುಂಡನ್ನು ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ಅದರೊಳಗೆ ಒಮ್ಮೆಗೆ ಒಂದೇ ರೈಲು ಇರಬಹುದು. ಈ ಕಡೆಯ ಸ್ಟೇಷನ್ ಮಾಸ್ಟರ್ ಮುಂದಿನ ನಿಲ್ದಾಣದವರಿಂದ ‘ಲೈನ್ ಕ್ಲಿಯರ್’ ಪಡೆಯದೆ ರೈಲು ಬಿಡುವಂತಿಲ್ಲ. ಹಿಂದೆ ಇದಕ್ಕೆ ಯಂತ್ರದಿಂದ ಹೊರಬರುವ ಉಕ್ಕಿನ ಗುಂಡು ಇತ್ತು, ಅದೇ ಟೋಕನ್. ಅದನ್ನು ಚೀಲಕ್ಕೆ ಹಾಕಿ, ಬಳೆಗೆ ಕಟ್ಟಿ ಚಾಲಕರ ಕೈಗೆ ಕೊಡುತ್ತಿದ್ದರು. ಈಗ ಹಲವು ಕಡೆ ಹಳಿಯ ಪಕ್ಕದ ಆಕ್ಸಲ್ ಕೌಂಟರ್ ಒಳಹೋದ ಗಾಲಿಜೋಡಿ ಎಷ್ಟು, ಹೊರಬಂದದ್ದು ಎಷ್ಟು ಎಂದು ಎಣಿಸುತ್ತದೆ. ಲೆಕ್ಕ ತಾಳೆಯಾಗದೆ ಮುಂದಿನ ರೈಲಿಗೆ ದಾರಿಯಿಲ್ಲ.

ಎದುರುಬದುರು ಬರುವ ಎರಡು ರೈಲು ಒಂದನ್ನೊಂದು ದಾಟುವುದು ಹೆಚ್ಚುವರಿ ಹಳಿ, ಅಂದರೆ ಲೂಪ್ ಇರುವ ನಿಲ್ದಾಣದಲ್ಲಿ ಮಾತ್ರ. ಬರೀ ಹಾಲ್ಟ್‌ಗಳಲ್ಲಿ ಸಿಗ್ನಲೂ ಇಲ್ಲ, ಲೂಪೂ ಇಲ್ಲ. ಅಲ್ಲಿ ಕ್ರಾಸಿಂಗ್ ಆಗುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಎರಡೂ ರೈಲುಗಳನ್ನು ಒಟ್ಟಿಗೇ ಒಳಗೆ ಬಿಟ್ಟು, ಅದರಲ್ಲಿ ಒಂದು ಬ್ರೇಕ್ ಹಿಡಿಯದೆ ನಿಲ್ಲಬೇಕಾದ ಜಾಗ ದಾಟಿ ಮುಂದೆ ಸರಿದರೆ ಅನಾಹುತ. ಅದಕ್ಕಾಗಿ ನಿಲ್ಲುವ ಜಾಗದಿಂದಾಚೆಗೂ ಒಂದಿಷ್ಟು ಹಳಿಯನ್ನು ಖಾಲಿ ಇಡಬೇಕು ಎಂಬ ನಿಯಮವಿದೆ. ಬಣ್ಣದ ದೀಪದ ಬಹುಸೂಚಕ ಸಿಗ್ನಲ್ ಇರುವಲ್ಲಿ ಇದು ಕನಿಷ್ಠ 120 ಮೀಟರ್, ಹಳೆಯ ಎರಡು ಸೂಚನೆಯ ಕೈಮರದಲ್ಲಿ 180 ಮೀಟರ್. ಇಷ್ಟು ಜಾಗವನ್ನು ಎರಡೂ ರೈಲಿಗೆ ಪ್ರತ್ಯೇಕವಾಗಿ ಕೊಡಲು ಆಗದ ನಿಲ್ದಾಣಗಳಲ್ಲಿ ಮೊದಲ ರೈಲು ಪೂರ್ತಿ ಒಳಬಂದು, ಅದರ ಕೊನೆಯ ಬೋಗಿ ಹಳಿಗಳು ಸೇರುವ ಜಾಗದ ಗುರುತುಕಲ್ಲನ್ನು ದಾಟಿ ನಿಲ್ಲಬೇಕು. ಆಮೇಲೆ ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಜೋಡಣೆ, ತಿರುಗಿಸಿ, ಬೀಗ ಬಿದ್ದಿದೆಯೇ ನೋಡಿ, ಎರಡನೆಯದಕ್ಕೆ ನಿಲ್ದಾಣದೊಳಗೆ ಬರಲು ಬಿಡುವ ಹೋಮ್ ಸಿಗ್ನಲ್ ಕೊಡುತ್ತಾರೆ. ಅಷ್ಟು ಹೊತ್ತು ನಿಮ್ಮ ರೈಲು ಹೋಮ್ ಸಿಗ್ನಲ್ ಹೊರಗೆ ಕಾಯುತ್ತದೆ. ಲೂಪಿಗೆ ತಿರುಗುವ ಪಾಯಿಂಟಿನ ಮೇಲೆ ವೇಗ ಗಂಟೆಗೆ 15 ಕಿ.ಮೀ., ಬಲಪಡಿಸಿದ ಪಾಯಿಂಟ್ ಇದ್ದರೆ 30. ಅರ್ಧ ಕಿಲೋಮೀಟರ್ ಉದ್ದದ ರೈಲು ಈ ವೇಗದಲ್ಲಿ ತೆವಳಿ ಒಳಬರಲು ಎರಡು ಮೂರು ನಿಮಿಷ ಬೇಕೇ ಬೇಕು.

ಒಂದು ರೈಲು ತಡವಾದರೆ ಕ್ರಾಸಿಂಗ್ ಆಗಬೇಕಾದ ನಿಲ್ದಾಣವೇ ಬದಲಾಗುತ್ತದೆ. ಅದರಿಂದ ಎದುರಿನ ರೈಲೂ ತಡವಾಗುತ್ತದೆ. ದಿನಾ 1ನೇ ಪ್ಲಾಟ್‌ಫಾರಂಗೆ ಬರುವ ರೈಲು ಇದ್ದಕ್ಕಿದ್ದಂತೆ 2ಕ್ಕೆ ಬರುವುದೂ ಇದೇ ಕಾರಣಕ್ಕೆ. ಅಂಥ ಹೊತ್ತಿನಲ್ಲಿ ಹಳಿ ದಾಟಿ ಓಡಬೇಡಿ, ಎದುರಿನ ರೈಲು ಬರುತ್ತಿರುವುದು ಅದೇ ಹಳಿಯ ಮೇಲೆ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಹೀಗೆ ದಾಟುವುದಕ್ಕೆ 6 ತಿಂಗಳವರೆಗೆ ಸೆರೆ, 1000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ತಡವಾಗಿ ಬರುವ ರೈಲು ಹಿಡಿಯುವವರು ಮೇಲ್ಸೇತುವೆಯ ಬುಡದಲ್ಲಿ ಕಾಯುವುದು ಒಳ್ಳೆಯದು.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ನಮ್ಮೂರಿನಲ್ಲಿ ರೈಲು ನಿಲ್ಲುವುದೇ 2 ನಿಮಿಷ. ಬೋಗಿ ಎಲ್ಲಿ ಬರುತ್ತದೆಂದು ಮೊದಲೇ ತಿಳಿಯಬಹುದೇ? ಕೆಲವು ಸಲ ಹಿಂದಿನ ಬೋಗಿಗಳು ಪ್ಲಾಟ್‌ಫಾರಂ ಹೊರಗೇ ನಿಲ್ಲುತ್ತವೆ.

ಎನ್‌ಟಿಇಎಸ್ ಆ್ಯಪ್‌ನಲ್ಲಿ ರೈಲಿನ ಸಂಖ್ಯೆ ಹಾಕಿದರೆ ‘ಕೋಚ್ ಪೊಸಿಷನ್’ ಸಿಗುತ್ತದೆ. ಅದು ಎಂಜಿನ್‌ನಿಂದ ಎಣಿಸಿದ ಕ್ರಮ. ರೈಲು ಯಾವ ದಿಕ್ಕಿನಿಂದ ಬರುತ್ತದೆ ಎಂದು ತಿಳಿದುಕೊಂಡು, ಎಂಜಿನ್ ನಿಲ್ಲುವ ಕಡೆಯಿಂದ ಬೋಗಿಗೆ 24 ಮೀಟರ್ ಲೆಕ್ಕದಲ್ಲಿ ಹಿಂದಕ್ಕೆ ನಡೆಯಿರಿ. ಈಗಿನ ಎಲ್‌ಎಚ್‌ಬಿ ಬೋಗಿಯ ಉದ್ದ ಅಷ್ಟೇ ಇದೆ. ಹೆಚ್ಚುವರಿ ಬೋಗಿ ಸೇರಿಸಿದ ದಿನ ಕ್ರಮ ತಪ್ಪುವುದುಂಟು, ಹಾಗಾಗಿ ಸ್ಟೇಷನ್ ಮಾಸ್ಟರರನ್ನೂ ಕೇಳಿ.

ಬೋಗಿ ಹೊರಗೆ ನಿಲ್ಲುವುದಕ್ಕೆ ಕಾರಣ ಸರಳ. 22 ಬೋಗಿಯ ರೈಲು ಎಂಜಿನ್ ಸೇರಿ ಸುಮಾರು 550 ಮೀಟರ್. ಪ್ಲಾಟ್‌ಫಾರಂ 400 ಮೀಟರ್ ಮಾತ್ರ ಇದ್ದರೆ ಆರು ಬೋಗಿ ಹೊರಗೇ ಉಳಿಯುತ್ತವೆ. ಹಾಗಿರುವ ಊರಿನವರು ನಡುವಿನ ಬೋಗಿಯಲ್ಲಿ ಹತ್ತಿ, ರೈಲು ಹೊರಟ ಮೇಲೆ ಒಳಗಿನಿಂದ ನಡೆದುಹೋಗುವುದೇ ಕ್ಷೇಮ. ಜನರಲ್ ಬೋಗಿಗೆ ಮಾತ್ರ ಒಳದಾರಿ ಎಲ್ಲ ರೈಲಿನಲ್ಲೂ ಇರುವುದಿಲ್ಲ.

ಎತ್ತರದ ವಿಷಯ ಮಂಡಿನೋವಿನವರಿಗೆ ಮುಖ್ಯ. ಬೋಗಿಯ ನೆಲ ಹಳಿಯಿಂದ ಸುಮಾರು ಒಂದೂಕಾಲು ಮೀಟರ್ ಮೇಲಿದೆ. ಎತ್ತರದ ಪ್ಲಾಟ್‌ಫಾರಂ ಹಳಿಯಿಂದ 760ರಿಂದ 840 ಮಿಲಿಮೀಟರ್, ಅಲ್ಲಿಂದ ಹತ್ತುವುದು ಒಂದೆರಡು ಮೆಟ್ಟಿಲು. ತಗ್ಗಿನದು ಹೆಚ್ಚೆಂದರೆ 455 ಮಿಲಿಮೀಟರ್. ಹಳಿಯ ಮಟ್ಟದ್ದಾದರೆ ಅಷ್ಟೂ ಎತ್ತರವನ್ನು ಕಂಬಿ ಹಿಡಿದೇ ಹತ್ತಬೇಕು. ಒಂದೇ ಊರಿನಲ್ಲಿ 1ನೇ ಪ್ಲಾಟ್‌ಫಾರಂ ಎತ್ತರ, 2ನೆಯದು ತಗ್ಗು ಇರುವುದುಂಟು. ಅಮ್ಮನ ವಿಷಯವನ್ನು ರೈಲು ಬರುವ ಅರ್ಧ ಗಂಟೆ ಮೊದಲೇ ಸ್ಟೇಷನ್ ಮಾಸ್ಟರರಿಗೆ ಹೇಳಿ. ಗಾಲಿಕುರ್ಚಿ ಇದ್ದರೆ ಅವರೇ ಕೊಡಿಸುತ್ತಾರೆ, ಗಾರ್ಡ್‌ಗೂ ತಿಳಿಸುತ್ತಾರೆ. ಸಾಮಾನು ಮೊದಲು ಏರಿಸುವುದು ರೂಢಿ, ಅದು ತಪ್ಪು. ಮೊದಲು ಅಮ್ಮ ಹತ್ತಲಿ.

ಬುಕ್ ಮಾಡುವಾಗ 45 ದಾಟಿದ ಹೆಂಗಸರಿಗೂ 60 ದಾಟಿದ ಗಂಡಸರಿಗೂ ಕೆಳಬರ್ತ್ ಕೋಟಾ ಇದೆ. ಆದರೆ ಒಂದು ಟಿಕೆಟ್ಟಿನಲ್ಲಿ ಒಬ್ಬರು ಅಥವಾ ಅದೇ ಅರ್ಹತೆಯ ಇಬ್ಬರು ಮಾತ್ರ ಇರಬೇಕು. ಅಮ್ಮನನ್ನೂ ನಿಮ್ಮನ್ನೂ ಮಕ್ಕಳನ್ನೂ ಒಂದೇ ಟಿಕೆಟ್ಟಿಗೆ ಸೇರಿಸಿದರೆ ಈ ಕೋಟಾ ಸಿಗುವುದಿಲ್ಲ. ಅಮ್ಮನ ಟಿಕೆಟ್ ಬೇರೆ ಮಾಡಿಸಿ.

ಪ್ರಶ್ನೆ: ಮೊಬೈಲಿನಲ್ಲಿ ಜನರಲ್ ಟಿಕೆಟ್ ತೆಗೆಯಲು ಸ್ಟೇಷನ್ನಿಗೆ ಬಂದ ಮೇಲೆ ಆಗುವುದೇ ಇಲ್ಲ. ಏಕೆ?

ಟಿಟಿಇ ಕಂಡ ಮೇಲೆ ಟಿಕೆಟ್ ತೆಗೆಯುವವರನ್ನು ತಡೆಯಲು ನಿಲ್ದಾಣದ ಆವರಣದೊಳಗೆ ಬುಕಿಂಗ್ ಬಂದ್ ಮಾಡಿದ್ದಾರೆ. ಮನೆಯಲ್ಲೇ ಅಥವಾ ದಾರಿಯಲ್ಲೇ ತೆಗೆಯಿರಿ. ಒಳಗೆ ಬಂದುಬಿಟ್ಟಿದ್ದರೆ ಗೋಡೆಗೆ ಅಂಟಿಸಿದ ಕ್ಯೂಆರ್ ಸ್ಕ್ಯಾನ್ ಮಾಡಬೇಕು. 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್‌ನಲ್ಲಿ ಜನರಲ್, ರಿಸರ್ವೇಶನ್, ಪ್ಲಾಟ್‌ಫಾರಂ ಟಿಕೆಟ್ ಮೂರೂ ಇವೆ.

ಮಲೆನಾಡಿನಲ್ಲಿ ನೆಟ್‌ವರ್ಕ್ ಹೋಗುತ್ತದೆಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವವರಿದ್ದಾರೆ. ಅದು ನಡೆಯುವುದಿಲ್ಲ. ಆ್ಯಪ್‌ನಲ್ಲೇ ‘ಶೋ ಟಿಕೆಟ್’ ಒತ್ತಿ ತೋರಿಸಬೇಕು, ಅದಕ್ಕೆ ನೆಟ್ ಬೇಕಿಲ್ಲ. ಫೋನಿನ ಚಾರ್ಜ್ ಮುಗಿದರೆ ಮಾತ್ರ ಟಿಕೆಟ್ ಇಲ್ಲದವರೆಂದೇ ಲೆಕ್ಕ, ದರದ ಜೊತೆಗೆ ಕನಿಷ್ಠ 250 ರೂಪಾಯಿ ದಂಡ. ಕಾಗದವಿಲ್ಲದ ಈ ಟಿಕೆಟ್ಟನ್ನು ರದ್ದು ಮಾಡಲಾಗದು ಎಂಬುದೂ ನೆನಪಿರಲಿ.

199 ಕಿ.ಮೀ.ವರೆಗಿನ ಜನರಲ್ ಟಿಕೆಟ್ ತೆಗೆದ ಮೇಲೆ 3 ಗಂಟೆಯೊಳಗೆ ಅಥವಾ ಆ ಊರಿಗೆ ಹೊರಡುವ ಮೊದಲ ರೈಲಿನಲ್ಲಿ, ಯಾವುದು ತಡವೋ ಅದರೊಳಗೆ ಪ್ರಯಾಣ ಶುರುವಾಗಬೇಕು. ದಿನಕ್ಕೆ ಎರಡು ಮೂರೇ ರೈಲು ಇರುವ ಊರುಗಳಿಗೆ ಈ ಎರಡನೆಯ ಅವಕಾಶವೇ ಆಸರೆ. 200 ಕಿ.ಮೀ. ಮತ್ತು ಮೇಲ್ಪಟ್ಟದ್ದನ್ನು 3 ದಿನ ಮುಂಚೆ ತೆಗೆಯಬಹುದು.

ಪ್ರಶ್ನೆ: ಜನರಲ್ ಟಿಕೆಟ್ ಇದ್ದರೂ ಇಂಟರ್‌ಸಿಟಿಯಲ್ಲಿ ಹೆಚ್ಚು ಹಣ ಕೇಳಿದರು. ಸರಿಯೇ?

ರೈಲು ಸೂಪರ್‌ಫಾಸ್ಟ್ ಆಗಿದ್ದರೆ ಸರಿ. ಬೆಂಗಳೂರು–ತಾಳಗುಪ್ಪದ 20651/20652 ಅಂಥದ್ದು. ಜನರಲ್ ಟಿಕೆಟ್ಟಿಗೆ 15 ರೂಪಾಯಿ ಹೆಚ್ಚುವರಿ ಶುಲ್ಕವಿದೆ. ಟಿಕೆಟ್ ತೆಗೆಯುವಾಗಲೇ ‘ಸೂಪರ್‌ಫಾಸ್ಟ್’ ಆರಿಸಿ.

ಪ್ರಶ್ನೆ: ವೇಟಿಂಗ್ ಲಿಸ್ಟ್ ಸಂಖ್ಯೆ ಸಣ್ಣದಿದ್ದರೂ ಖಾತ್ರಿಯಾಗುವುದಿಲ್ಲ. ಗೆಳೆಯನದು ಅದೇ ರೈಲಿನಲ್ಲಿ 40 ಇದ್ದರೂ ಆಯಿತು. ಇದೇನು?

ಸಂಖ್ಯೆಯ ಹಿಂದಿನ ಅಕ್ಷರ ನೋಡಿ. ಜಿಎನ್‌ಡಬ್ಲ್ಯುಎಲ್ ಎಂದರೆ ರೈಲು ಹೊರಡುವ ನಿಲ್ದಾಣದಿಂದ ಅಥವಾ ಅದರ ಹತ್ತಿರದ ನಿಲ್ದಾಣಗಳಿಂದ ಇರುವ ದೊಡ್ಡ ಕೋಟಾ. ಇದರಲ್ಲಿ ರದ್ದತಿ ಹೆಚ್ಚು, ಸರತಿ ಬೇಗ ಮುಂದೆ ಸಾಗುತ್ತದೆ. ಆರ್‌ಎಲ್‌ಡಬ್ಲ್ಯುಎಲ್ ನಡುವಿನ ಒಂದು ಮುಖ್ಯ ನಿಲ್ದಾಣಕ್ಕೆ ಕೊಟ್ಟ ಚಿಕ್ಕ ಕೋಟಾ. ಪಿಕ್ಯುಡಬ್ಲ್ಯುಎಲ್ ಹಲವು ನಡುವಿನ ನಿಲ್ದಾಣಗಳು ಹಂಚಿಕೊಳ್ಳುವಂಥದ್ದು. ಚಿಕ್ಕ ಕೋಟಾದಲ್ಲಿ ಬರ್ತೇ ಕಡಿಮೆ, ರದ್ದಾಗುವುದೂ ಕಡಿಮೆ. ಅದಕ್ಕೇ 8 ಇದ್ದರೂ ಕದಲುವುದಿಲ್ಲ.

ರೈಲು ಹೊರಡುವ ಊರಿನಿಂದ ಟಿಕೆಟ್ ಕೊಂಡು, ‘ಬೋರ್ಡಿಂಗ್’ ಜಾಗದಲ್ಲಿ ನಿಮ್ಮೂರನ್ನು ಹಾಕುವ ದಾರಿಯಿದೆ. ಬುಕ್ ಮಾಡುವಾಗಲೇ ಹಾಕಬಹುದು. ಹಾಗೆ ಹಾಕದೆ ಮುಂದಿನ ಊರಿನಲ್ಲಿ ಹತ್ತಿದರೆ, ನೀವು ಬಂದಿಲ್ಲವೆಂದು ಟಿಟಿಇ ತಮ್ಮ ಕೈಯಲ್ಲಿನ ಯಂತ್ರದಲ್ಲಿ ಗುರುತಿಸಿ ಬರ್ತನ್ನು ಆರ್‌ಎಸಿಯವರಿಗೆ, ಅಂದರೆ ಕೂರಲು ಮಾತ್ರ ಜಾಗ ಸಿಕ್ಕಿ ಬರ್ತ್‌ಗೆ ಕಾಯುತ್ತಿರುವವರಿಗೆ, ಕೊಟ್ಟುಬಿಡಬಹುದು. ಈ ದಾರಿಯನ್ನು ಬೇರೆ ಗತಿಯಿಲ್ಲದಾಗ ಮಾತ್ರ ಬಳಸಿ. ದುಡ್ಡು ಹೆಚ್ಚು ಎಂಬುದು ಒಂದು ಕಾರಣ. ಇನ್ನೊಂದು ಇದಕ್ಕಿಂತ ದೊಡ್ಡದು, ಕೆಳಗೆ ಸೌಲಭ್ಯಗಳ ಪ್ರಶ್ನೆಯಲ್ಲಿ ಹೇಳಿದ್ದೇವೆ.

ರಿಸರ್ವೇಶನ್ ಈಗ 60 ದಿನ ಮುಂಚೆ ತೆರೆಯುತ್ತದೆ. ತತ್ಕಾಲ್ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10, ಸ್ಲೀಪರಿಗೆ 11. ಆನ್‌ಲೈನ್ ತತ್ಕಾಲ್‌ಗೆ ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು, ಅದನ್ನು ಹಿಂದಿನ ವಾರವೇ ಮುಗಿಸಿಡಿ.

ಪ್ರಶ್ನೆ: ರೈಲು ನಾಲ್ಕು ಗಂಟೆ ತಡ. ಬಸ್ಸಿನಲ್ಲಿ ಹೋದೆವು. ಹಣ ವಾಪಸ್ ಬರುತ್ತದೆಯೇ?

ನೀವು ಹತ್ತುವ ನಿಲ್ದಾಣಕ್ಕೆ ರೈಲು 3 ಗಂಟೆಗಿಂತ ಹೆಚ್ಚು ತಡವಾಗಿದ್ದು, ನೀವು ಪ್ರಯಾಣ ಮಾಡದಿದ್ದರೆ ಪೂರ್ತಿ ಹಣ ಬರುತ್ತದೆ. ಆದರೆ ರೈಲು ನಿಮ್ಮ ನಿಲ್ದಾಣದಿಂದ ನಿಜವಾಗಿ ಹೊರಡುವ ಮುಂಚೆಯೇ ಇ-ಟಿಕೆಟ್ಟಿಗೆ ಆನ್‌ಲೈನಿನಲ್ಲಿ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ, ಸಲ್ಲಿಸಬೇಕು. ಕೌಂಟರ್ ಟಿಕೆಟ್ಟಾದರೆ ಅದೇ ಗಡುವಿನೊಳಗೆ ಕೌಂಟರಿಗೆ ಕೊಡಬೇಕು. ಬಸ್ಸು ಹತ್ತಿ ಊರು ಸೇರಿ, ಮರುದಿನ ನೆನಪಿಸಿಕೊಳ್ಳುವುದರಿಂದಲೇ ಹೆಚ್ಚಿನವರ ಹಣ ಹೋಗುವುದು. ಬಸ್‌ಸ್ಟ್ಯಾಂಡಿಗೆ ಹೊರಡುವ ಮೊದಲೇ ಇದನ್ನು ಮುಗಿಸಿ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಬೈಕನ್ನು ರೈಲಿನಲ್ಲಿ ಕಳಿಸುವುದು ಹೇಗೆ?

ಎಲ್ಲ ನಿಲ್ದಾಣದಲ್ಲೂ ಪಾರ್ಸೆಲ್ ತೆಗೆದುಕೊಳ್ಳುವುದಿಲ್ಲ. ರೈಲು 5 ನಿಮಿಷವಾದರೂ ನಿಲ್ಲದ ಕಡೆ ಹೇರುವಂತಿಲ್ಲ. ಹಾಗಾಗಿ ಪಾರ್ಸೆಲ್ ಕಚೇರಿಯಿರುವ ದೊಡ್ಡ ನಿಲ್ದಾಣಕ್ಕೆ ಒಯ್ಯಬೇಕಾಗಬಹುದು. ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಒಯ್ಯಿರಿ. ಪೆಟ್ರೋಲನ್ನು ಪೂರ್ತಿ ಇಳಿಸಿ, ಟ್ಯಾಂಕಿನ ತಳದಲ್ಲಿ ಉಳಿದರೂ ವಾಪಸ್ ಕಳಿಸುತ್ತಾರೆ. ಹೆಡ್‌ಲೈಟ್, ಕನ್ನಡಿ, ಹ್ಯಾಂಡಲ್ ಮತ್ತು ಟ್ಯಾಂಕಿಗೆ ಗೋಣಿಚೀಲ ದಪ್ಪಗೆ ಸುತ್ತಿ ಹೊಲಿಸಿ. ಎಲ್ಲಿಂದ, ಎಲ್ಲಿಗೆ, ಯಾರಿಗೆ ಎಂಬುದನ್ನು ರಟ್ಟಿನ ಮೇಲೆ ಬರೆದು ಎರಡು ಕಡೆ ಕಟ್ಟಿ. ಟ್ಯಾಂಕಿನ ಬಣ್ಣ ಕೆರೆದುಹೋಯಿತೆಂದು ಬರುವ ದೂರುಗಳು ಬಹುತೇಕ ತೆಳ್ಳಗೆ ಸುತ್ತಿದ್ದರಿಂದಲೇ.

ಅದೇ ರೈಲಿನಲ್ಲಿ ನೀವೂ ಹೋಗುತ್ತಿದ್ದರೆ ಲಗೇಜ್ ಎಂದು, ಇಲ್ಲದಿದ್ದರೆ ಪಾರ್ಸೆಲ್ ಎಂದು ಬುಕ್ ಮಾಡಬಹುದು. ರಸೀದಿ ಜೋಪಾನ, ಅದಿಲ್ಲದೆ ಬೈಕು ಬಿಡುವುದಿಲ್ಲ. ತಲುಪಿದ ಮೇಲೆ ತಡಮಾಡಿ ಬಿಡಿಸಿಕೊಂಡರೆ ಗಂಟೆ ಲೆಕ್ಕದಲ್ಲಿ ವಾರ್ಫೇಜ್, ಅಂದರೆ ಜಾಗದ ಬಾಡಿಗೆ, ಬೀಳುತ್ತದೆ.

ಪ್ರಶ್ನೆ: ನಮ್ಮ ಹಳ್ಳಿಯ ನಿಲ್ದಾಣದಲ್ಲಿ ನೆರಳಿಲ್ಲ, ಶೌಚಾಲಯಕ್ಕೆ ಬೀಗ. ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ. ಮನವಿ ಕೊಟ್ಟು ಸಾಕಾಗಿದೆ. ಯಾರನ್ನು ಕೇಳಬೇಕು?

ಇದರಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ. ಮೂರನ್ನೂ ಒಂದೇ ಮನವಿಯಲ್ಲಿ ಬರೆದಿದ್ದರೆ ಅದು ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇರುತ್ತದೆ.

ಇರುವ ಶೌಚಾಲಯಕ್ಕೆ ಬೀಗ, ನಲ್ಲಿಯಲ್ಲಿ ನೀರಿಲ್ಲ, ದೀಪ ಉರಿಯುವುದಿಲ್ಲ ಎಂಬುವು ದೂರುಗಳು. ಇವನ್ನು ರೈಲ್‌ಮದದ್ ಆ್ಯಪ್‌ನಲ್ಲಿ ‘ಸ್ಟೇಷನ್’ ವಿಭಾಗದಲ್ಲಿ ಫೋಟೊ ಸಮೇತ ಹಾಕಿ, ಅಥವಾ 139ಕ್ಕೆ ಹೇಳಿ. ದೂರಿನ ಸಂಖ್ಯೆ ಬರುತ್ತದೆ. ಕೆಲಸ ಆಗದೆ ಮುಗಿಸಿದ್ದಾರೆಂದು ಕಂಡರೆ ಅತೃಪ್ತಿ ದಾಖಲಿಸಿ. ಸ್ಟೇಷನ್ ಮಾಸ್ಟರ್ ಬಳಿ ದೂರುಪುಸ್ತಕವೂ ಇರುತ್ತದೆ, ಅದರಲ್ಲೂ ಬರೆಯಿರಿ.

ನೆರಳು, ಬೆಂಚು, ಪ್ಲಾಟ್‌ಫಾರಂ ಎತ್ತರಿಸುವುದು ಹೊಸ ಸೌಲಭ್ಯಗಳು. ಇವುಗಳ ಕನಿಷ್ಠ ಪ್ರಮಾಣ ನಿಲ್ದಾಣದ ದರ್ಜೆಯ ಮೇಲೆ ನಿಂತಿದೆ. 2017ರಿಂದ ಉಪನಗರೇತರ ನಿಲ್ದಾಣಗಳಿಗೆ ಎನ್‌ಎಸ್‌ಜಿ 1ರಿಂದ 6, ಹಾಲ್ಟ್‌ಗಳಿಗೆ ಎಚ್‌ಜಿ 1ರಿಂದ 3 ಎಂಬ ದರ್ಜೆಗಳಿವೆ. ವರ್ಷದ ಟಿಕೆಟ್ ಆದಾಯ 1ರಿಂದ 10 ಕೋಟಿ ರೂಪಾಯಿ ಅಥವಾ ಹೊರಡುವ ಪ್ರಯಾಣಿಕರು 10ರಿಂದ 20 ಲಕ್ಷ ಇದ್ದರೆ ಎನ್‌ಎಸ್‌ಜಿ 5. ಅದಕ್ಕಿಂತ ಕೆಳಗೆ 6. ಕುಡಿಯುವ ನೀರಿನ ನಲ್ಲಿ, ಕೂರುವ ಜಾಗ, ಶೌಚಾಲಯ, ಚಾವಣಿಯ ಅಳತೆ ಎಲ್ಲವನ್ನೂ ಈ ದರ್ಜೆ ನೋಡಿಯೇ ನಿಗದಿ ಮಾಡುತ್ತಾರೆ. ನಿಮ್ಮ ನಿಲ್ದಾಣದ ದರ್ಜೆ ಯಾವುದು, ಅದಕ್ಕೆ ಕನಿಷ್ಠ ಏನೇನು ಇರಬೇಕು, ಈಗ ಏನಿದೆ ಎಂದು ಕೇಂದ್ರ ಸರ್ಕಾರದ ಆರ್‌ಟಿಐ ಜಾಲತಾಣದಲ್ಲಿ 10 ರೂಪಾಯಿ ಕಟ್ಟಿ ವಿಭಾಗೀಯ ಕಚೇರಿಯನ್ನು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಕೊರತೆ ಅವರದೇ ಕಾಗದದಲ್ಲಿ ಕಂಡ ಮೇಲೆ ವಿಭಾಗೀಯ ವ್ಯವಸ್ಥಾಪಕರಿಗೆ ಬರೆಯುವ ಮನವಿಯ ತೂಕವೇ ಬೇರೆ. ಸಾಗರ ಜಂಬಗಾರು, ತಾಳಗುಪ್ಪ ಅಮೃತ ಭಾರತ ನಿಲ್ದಾಣ ಯೋಜನೆಯಲ್ಲಿ ಸೇರಿವೆ. ಆ ಪಟ್ಟಿಯಲ್ಲಿಲ್ಲದ ಹಳ್ಳಿ ನಿಲ್ದಾಣಗಳಿಗೆ ಈ ಕನಿಷ್ಠ ಸೌಲಭ್ಯದ ನಿಯಮವೇ ಹಿಡಿಯಬೇಕಾದ ಹಗ್ಗ.

ಎಕ್ಸ್‌ಪ್ರೆಸ್ ನಿಲುಗಡೆ ಮೂರನೆಯದು. ಇದು ವಿಭಾಗದಿಂದ ವಲಯಕ್ಕೆ, ಅಲ್ಲಿಂದ ರೈಲ್ವೆ ಮಂಡಳಿಗೆ ಹೋಗಿ ತೀರ್ಮಾನವಾಗಬೇಕು. ವಿಭಾಗೀಯ ರೈಲು ಬಳಕೆದಾರರ ಸಲಹಾ ಸಮಿತಿಯ ಸದಸ್ಯರ ಮೂಲಕ, ಸಂಸದರ ಮೂಲಕ ಒಯ್ಯಿರಿ. ಯಾವ ರೈಲು, ಯಾವ ದಿಕ್ಕು, ಎಷ್ಟು ಜನ, ಎಲ್ಲಿಗೆ ಎಂದು ಸ್ಪಷ್ಟವಾಗಿ ಬರೆಯಿರಿ. ‘ಎಲ್ಲ ರೈಲೂ ನಿಲ್ಲಲಿ’ ಎಂಬ ಬೇಡಿಕೆ ಎಲ್ಲಿಯೂ ಮುಟ್ಟುವುದಿಲ್ಲ. 2 ನಿಮಿಷ ನಿಲ್ಲಿಸಿದರೂ ವೇಗ ಇಳಿಸಿ ಮತ್ತೆ ಏರಿಸುವುದು ಸೇರಿ ಐದಾರು ನಿಮಿಷ ಹೋಗುತ್ತದೆ, ಏಕಪಥದಲ್ಲಿ ಅದು ಕ್ರಾಸಿಂಗನ್ನೂ ಏರುಪೇರು ಮಾಡುತ್ತದೆ. ಒಪ್ಪಿಗೆ ಸಿಕ್ಕರೂ ಸಾಮಾನ್ಯವಾಗಿ 6 ತಿಂಗಳ ಪ್ರಾಯೋಗಿಕ ನಿಲುಗಡೆ. ಆ ಅವಧಿಯಲ್ಲಿ ಆ ನಿಲ್ದಾಣದಿಂದ ಮತ್ತು ಆ ನಿಲ್ದಾಣಕ್ಕೆ ಎಷ್ಟು ಟಿಕೆಟ್ ಮಾರಾಟವಾಯಿತು ಎಂದು ನೋಡುತ್ತಾರೆ.

ಊರುಗಳು ಸೋಲುವುದು ಇಲ್ಲೇ. ಮೊದಲ ದಿನ ಹಾರ ಹಾಕಿ ಸ್ವಾಗತಿಸುತ್ತಾರೆ. ಆಮೇಲೆ ಬರ್ತ್ ಸಲೀಸಾಗಿ ಸಿಗಲೆಂದು ಹಿಂದಿನ ದೊಡ್ಡ ಊರಿನಿಂದ ಟಿಕೆಟ್ ತೆಗೆಯುತ್ತಾರೆ, ಇಳಿಯುವವರು ಮುಂದಿನ ಊರಿಗೆ ತೆಗೆದು ನಡುವೆ ಇಳಿಯುತ್ತಾರೆ, ಒಂದೆರಡು ನಿಲ್ದಾಣಕ್ಕೆ ಟಿಕೆಟ್ಟೇಕೆ ಎಂದು ಹಾಗೇ ಹತ್ತುವವರೂ ಇದ್ದಾರೆ. ಪ್ಲಾಟ್‌ಫಾರಂ ತುಂಬಿರುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ನಿಲ್ದಾಣ ಖಾಲಿ. ದರ್ಜೆ ಏರಿಸುವವರೂ ನಿಲುಗಡೆ ಉಳಿಸುವವರೂ ನೋಡುವುದು ಕಂಪ್ಯೂಟರನ್ನು. ಟಿಕೆಟ್ ನಿಮ್ಮೂರಿನ ಹೆಸರಿನಲ್ಲೇ ಇರಲಿ, ಹೊರಡುವುದೂ ಮರಳುವುದೂ. ಪ್ರಾಯೋಗಿಕ ನಿಲುಗಡೆ ಸಿಕ್ಕ ಊರಿನವರು ಈ ಮಾತನ್ನು ಸಂಘಗಳಲ್ಲಿ, ಶಾಲೆ-ಕಾಲೇಜುಗಳಲ್ಲಿ ಮೊದಲ ವಾರದಲ್ಲೇ ಹೇಳಿ. ಐದನೆಯ ತಿಂಗಳಲ್ಲಿ ಹೇಳಿದರೆ ಹೊತ್ತು ಮೀರಿರುತ್ತದೆ.

ಪ್ರಶ್ನೆ: ಮಗುವಿಗೆ ಟಿಕೆಟ್ ಎಷ್ಟು ವಯಸ್ಸಿನಿಂದ?

5 ತುಂಬುವವರೆಗೆ ಬೇಡ. 5ರಿಂದ 12ರೊಳಗೆ ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ ದರ.

ಪ್ರಶ್ನೆ: ಇಳಿಯುವ ಗಡಿಬಿಡಿಯಲ್ಲಿ ಚೀಲ ರೈಲಿನಲ್ಲೇ ಉಳಿಯಿತು. ಏನು ಮಾಡಬೇಕು?

ಕೂಡಲೇ 139ಕ್ಕೆ ಕರೆ ಮಾಡಿ ರೈಲಿನ ಸಂಖ್ಯೆ, ಬೋಗಿ, ಸೀಟು, ಚೀಲದ ಬಣ್ಣ ಹೇಳಿ. ಸ್ಟೇಷನ್ ಮಾಸ್ಟರರಿಗೂ ತಿಳಿಸಿ, ಅವರು ಮುಂದಿನ ನಿಲ್ದಾಣಕ್ಕೆ ಫೋನ್ ಮಾಡುತ್ತಾರೆ. ಚೀಲ ಸಿಕ್ಕರೆ ರೈಲ್ವೆ ರಕ್ಷಣಾ ಪಡೆಯವರು ಇಳಿಸಿಟ್ಟುಕೊಂಡು, ಟಿಕೆಟ್ ಮತ್ತು ಗುರುತಿನ ಚೀಟಿ ನೋಡಿ ಕೊಡುತ್ತಾರೆ. ಇಳಿದ ಮೇಲೂ ಟಿಕೆಟ್ ಹರಿದು ಎಸೆಯಬೇಡಿ.